ಪದ ಪರಿಚಯ: ವಿಧವೆ ಕಾಪೆ

1793ರ ಅಕ್ಟೋಬರ್‌ನಲ್ಲಿ ಪ್ಯಾರಿಸ್ಸಿನ ಕ್ರಾಂತಿಕಾರಿ ನ್ಯಾಯಮಂಡಳಿ ಒಬ್ಬ ಹೆಂಗಸಿನ ವಿಚಾರಣೆ ನಡೆಸಿತು. ಕಾಗದಪತ್ರಗಳಲ್ಲಿ ಆಕೆಯ ಹೆಸರು ‘ವಿಧವೆ ಕಾಪೆ’. ನಾವು ಶಾಲೆಯಲ್ಲಿ ಓದಿದ ಮೇರಿ ಆಂಟೊನೆಟ್ ಈಕೆಯೇ. ಫ್ರಾನ್ಸಿನ ರಾಣಿ, ಆಸ್ಟ್ರಿಯದ ಮರಿಯಾ ತೆರೇಸಾಳ ಮಗಳು.

ರಾಜನಾಗಿದ್ದಾಗ ಆಕೆಯ ಗಂಡ 16ನೇ ಲೂಯಿಗೆ ಅಡ್ಡಹೆಸರಿನ ಹಂಗಿರಲಿಲ್ಲ. ‘ಲೂಯಿ’ ಅಂದರೆ ಸಾಕಿತ್ತು. 1792ರ ಸೆಪ್ಟೆಂಬರ್ 21ರಂದು ರಾಜಪ್ರಭುತ್ವವನ್ನೇ ತೆಗೆದುಹಾಕಿದರು. ಆಮೇಲೆ ಆತ ಎಲ್ಲರಂತೆ ಒಬ್ಬ ನಾಗರಿಕ. ಹಾಗಾದರೆ ಅಡ್ಡಹೆಸರು ಬೇಕಲ್ವಾ? 987ರಲ್ಲಿ ಪಟ್ಟಕ್ಕೆ ಬಂದಿದ್ದ ಊಗ್ ಕಾಪೆಯ ಹೆಸರನ್ನೇ ತಂದು ಅಂಟಿಸಿದರು. ಲೂಯಿಯ ಬೂರ್ಬೋನ್ ಮನೆತನ ಆ ವಂಶದ್ದೇ ಒಂದು ಕವಲು. ‘ಕಾಪೆ ನನ್ನ ಹೆಸರಲ್ಲ, ನನ್ನ ಪೂರ್ವಜನದ್ದು’ ಎಂದು ಆತ ತಕರಾರು ಮಾಡಿದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 1793ರ ಜನವರಿ 21ರಂದು ಆತನ ತಲೆ ಹೋಯಿತು, ಹೆಂಡತಿ ‘ವಿಧವೆ ಕಾಪೆ’ ಆದಳು. ಲೆಕ್ಕಕ್ಕೆ ಇದು ಕಾನೂನಿನ ಹೆಸರು. ಆದರೆ ಅದರಲ್ಲಿ ಚುಚ್ಚುಮಾತು ಇರಲಿಲ್ಲ ಎಂದರೆ ನಾನಂತೂ ನಂಬುವುದಿಲ್ಲ.

ಜನ ಆಕೆಗೆ ಹೆಸರಿಡುವುದು ಹೊಸದೇನೂ ಆಗಿರಲಿಲ್ಲ. ‘ಆಸ್ಟ್ರಿಯದವಳು’ ಎಂಬ ಬೈಗುಳ ಇತ್ತು. ಖಜಾನೆ ಬರಿದಾದಾಗ ‘ಮೇಡಂ ಕೊರತೆ’ ಎಂದರು. (ಬ್ರೆಡ್ ಇಲ್ಲದಿದ್ದರೆ ಕೇಕ್ ತಿನ್ನಲಿ ಎಂದಳು ಅನ್ನುವುದಕ್ಕೆ ಮಾತ್ರ ಆಧಾರವಿಲ್ಲ.) 1789ರ ಅಕ್ಟೋಬರ್ 5ರಂದು ಪ್ಯಾರಿಸ್ಸಿನ ಹೆಂಗಸರು ಬ್ರೆಡ್ ಕೇಳುತ್ತಾ ವರ್ಸೈಲ್ಸ್ ಅರಮನೆಗೆ ನಡೆದುಹೋದರು. ಮರುದಿನ ರಾಜಕುಟುಂಬವನ್ನು ಪ್ಯಾರಿಸ್ಸಿಗೆ ಕರೆತಂದರು. 1791ರ ಜೂನ್‌ನಲ್ಲಿ ಅವರು ವೇಷ ಹಾಕಿಕೊಂಡು ಓಡಿಹೋಗಲು ನೋಡಿದರು. ರಾಜ ಸೇವಕನಾದ, ರಾಣಿ ಮಕ್ಕಳ ಮೇಲ್ವಿಚಾರಕಿಯಾದಳು, ಮಗನಿಗೆ ಹುಡುಗಿಯ ಬಟ್ಟೆ. ವಾರೆನ್ ಎಂಬ ಊರಲ್ಲಿ ಸಿಕ್ಕಿಬಿದ್ದರು. ಅಲ್ಲಿಗೆ ರಾಜನ ಮೇಲೆ ಉಳಿದಿದ್ದ ಅಷ್ಟಿಷ್ಟು ನಂಬಿಕೆಯೂ ಹೋಯಿತು. 1792ರ ಆಗಸ್ಟ್ 10ರಂದು ಜನ ಪ್ಯಾರಿಸ್ಸಿನಲ್ಲಿ ಅವರಿದ್ದ ಟ್ವಿಲರಿ ಅರಮನೆಗೇ ನುಗ್ಗಿದರು, ಕುಟುಂಬ ಸೆರೆಮನೆ ಸೇರಿತು. ಅದಕ್ಕೆ ಸರಿಯಾಗಿ ನಾಲ್ಕು ವರ್ಷ ಹಿಂದೆ, 1788ರ ಆಗಸ್ಟ್ 10ರಂದು, ನಮ್ಮ ಟಿಪ್ಪು ಸುಲ್ತಾನನ ರಾಯಭಾರಿಗಳು ವರ್ಸೈಲ್ಸ್‌ನಲ್ಲಿ ಇದೇ ಲೂಯಿಯನ್ನು ಕಂಡಿದ್ದರು.

ಇನ್ನು ವಿಚಾರಣೆ. ಹೆಸರೇನು ಎಂದು ಕೇಳಿದಾಗ ರಾಣಿ ‘ಲೊರೇನ್-ಆಸ್ಟ್ರಿಯದ ಮೇರಿ ಆಂಟೊನೆಟ್’ ಎಂದು ತವರಿನ ಹೆಸರನ್ನೇ ಹೇಳಿದಳು. ಶತ್ರುಗಳಿಗೆ ಸುದ್ದಿ ಕೊಟ್ಟಳು ಎಂಬುದು ದೊಡ್ಡ ಆರೋಪ. ಅದು ಸುಳ್ಳಲ್ಲ: ಫ್ರಾನ್ಸಿನ ಯುದ್ಧದ ಯೋಜನೆಯನ್ನು ಆಕೆ ನಿಜಕ್ಕೂ ಗುಟ್ಟಾಗಿ ಆಸ್ಟ್ರಿಯಕ್ಕೆ ತಿಳಿಸಿದ್ದಳು. ಆದರೆ ಆ ಪತ್ರಗಳು ನ್ಯಾಯಮಂಡಳಿಯ ಕೈಲಿರಲಿಲ್ಲ. ಅದರ ಬದಲು ಎಬೇರ್ ಎಂಬ ಪತ್ರಕರ್ತ, ಹೆತ್ತ ಮಗನ ಜೊತೆಯೇ ಕೆಟ್ಟದಾಗಿ ನಡೆದುಕೊಂಡಳು ಎಂದು ಹೊಲಸು ಆರೋಪ ಹೊರಿಸಿದ. ಆಕೆ ಸುಮ್ಮನಿದ್ದಳು. ಒಬ್ಬ ಜ್ಯೂರಿ ಪಟ್ಟು ಹಿಡಿದು ಕೇಳಿದಾಗ, ಇಲ್ಲಿರುವ ಎಲ್ಲ ತಾಯಂದಿರನ್ನೇ ಕೇಳುತ್ತೇನೆ ಎಂದಳು. ಸಭೆಯಲ್ಲಿದ್ದ ಹೆಂಗಸರ ಮನಸ್ಸೂ ಒಂದು ಕ್ಷಣ ಕಲಕಿತು. ತೀರ್ಪೇನೂ ಬದಲಾಗಲಿಲ್ಲ. ಅಕ್ಟೋಬರ್ 16ರ ಮಧ್ಯಾಹ್ನ ಗಿಲೊಟಿನ್, ಅಂದರೆ ತಲೆ ಕತ್ತರಿಸುವ ಯಂತ್ರ.

ಅಡ್ಡಹೆಸರು ಮಗನಿಗೂ ಅಂಟಿತು. ಎಂಟು ವರ್ಷದ ಹುಡುಗನನ್ನು ತಾಯಿಯಿಂದ ಬೇರೆ ಮಾಡಿ, ‘ಪುಟ್ಟ ಕಾಪೆ’ ಎನ್ನುತ್ತಾ ಸಿಮೋನ್ ಎಂಬ ಚಮ್ಮಾರನ ಕೈಗೆ ಒಪ್ಪಿಸಿದ್ದರು. ಹುಡುಗ 1795ರ ಜೂನ್‌ನಲ್ಲಿ ಸೆರೆಯಲ್ಲೇ ತೀರಿಕೊಂಡ. ಆ ಮನೆಯಲ್ಲಿ ಉಳಿದದ್ದು ಅಕ್ಕ ಮೇರಿ ತೆರೇಸ್ ಒಬ್ಬಳೇ. ಆ ವರ್ಷದ ಡಿಸೆಂಬರ್‌ನಲ್ಲಿ ಆಸ್ಟ್ರಿಯದ ವಶದಲ್ಲಿದ್ದ ಫ್ರೆಂಚ್ ಕೈದಿಗಳಿಗೆ ಬದಲಾಗಿ ಆಕೆಯನ್ನು ತಾಯಿಯ ತವರಿಗೆ ಕಳಿಸಿಕೊಟ್ಟರು.