ಎಷ್ಟು ಕೆಜಿ ಅನ್ನುವ ಮುಂಚೆ ಎಲ್ಲಿಗೆ ಅಂತ ಕೇಳಿ

ಹಾಸನದ ಸಾಲಗಾಮೆ ರಸ್ತೆಯಲ್ಲಿ ಓಡಾಡುವವರಿಗೆಲ್ಲ ಇಸ್ರೋದ ಎಂಸಿಎಫ್‌ನ ದೊಡ್ಡ ಬಿಳಿ ಆಂಟೆನಾಗಳು ಗೊತ್ತು. ಅಲ್ಲಿಂದ ರಾಕೆಟ್ ಹಾರುವುದಿಲ್ಲ, ಹಾರಿಹೋದ ಉಪಗ್ರಹಗಳನ್ನು ನೋಡಿಕೊಳ್ಳುವ ಜಾಗ ಅದು ಅನ್ನುವುದೂ ಊರಿನವರಿಗೆ ಈಗ ಬಹುಮಟ್ಟಿಗೆ ಗೊತ್ತಾಗಿದೆ. ಚಂದ್ರಯಾನ-3 ಇಳಿದ ಸಂಜೆ ಪಕ್ಕದ ಮನೆಯವರು ಮೈಸೂರು ಪಾಕ್ ಡಬ್ಬಿ ಹಿಡಿದು ಬಂದಿದ್ದರು. "ಅದನ್ನ ನೋಡಿಕೊಂಡಿದ್ದು ಬೆಂಗಳೂರಿನ ಪೀಣ್ಯದವರು, ಹಾಸನದವರಲ್ಲ" ಅಂದೆ. "ಇರಲಿ ತಗೊಳ್ಳಿ ಸಾರ್, ಎಲ್ಲ ಒಂದೇ ಅಲ್ವಾ" ಅಂದರು. ತಗೊಂಡೆ. ಇಂಥದ್ದಕ್ಕೆಲ್ಲ ನನಗೆ ಬೇಜಾರಿಲ್ಲ.

ಬೇಜಾರಿರುವುದು ಒಂದೇ ಪ್ರಶ್ನೆಯ ಮೇಲೆ. "ನಮ್ಮ ರಾಕೆಟ್ ಎಷ್ಟು ಕೆಜಿ ಎತ್ತುತ್ತೆ?" ಮದುವೆ ಮನೆಯಲ್ಲಿ ಕೇಳುತ್ತಾರೆ, ಬ್ಯಾಂಕಿನ ಕ್ಯೂನಲ್ಲಿ ಕೇಳುತ್ತಾರೆ, ಶಾಲೆಯ ಕ್ವಿಜ್‌ನಲ್ಲಂತೂ ಒಂದೇ ಅಂಕಿ ಬರೆದರೆ ಒಂದು ಮಾರ್ಕ್ಸ್ ಕೊಟ್ಟೇ ಬಿಡುತ್ತಾರೆ. ಈ ಪ್ರಶ್ನೆಗೆ ಉತ್ತರವೇ ಇಲ್ಲ. ಎಲ್ಲಿಗೆ ಅಂತ ಹೇಳದೆ ಎಷ್ಟು ಅಂತ ಹೇಳಲು ಬರುವುದಿಲ್ಲ.

ಸಕಲೇಶಪುರದ ಹತ್ತಿರ ಕಾಫಿ ತೋಟ ಮಾಡಿಕೊಂಡಿರುವ ಗೆಳೆಯರೊಬ್ಬರು ಇದೇ ಪ್ರಶ್ನೆಯನ್ನು ಚೆನ್ನಾಗಿ ಹರಿತ ಮಾಡಿಕೊಂಡು ಬಂದರು. ಲೆಕ್ಕದ ಮನುಷ್ಯ. "2018ರ ಡಿಸೆಂಬರಲ್ಲಿ ಜಿಸ್ಯಾಟ್-11 ಉಪಗ್ರಹ ಹೋಯ್ತು. 5,854 ಕೆಜಿ. ದಕ್ಷಿಣ ಅಮೆರಿಕದ ಕೌರುವಿಗೆ ಸಾಗಿಸಿ, ಏರಿಯಾನ್-5 ಅನ್ನೋ ಯುರೋಪಿನ ರಾಕೆಟ್‌ಗೆ ದುಡ್ಡು ಕೊಟ್ಟು ಹಾರಿಸಿದ್ರಿ. 2023ರ ಮಾರ್ಚಲ್ಲಿ ನಮ್ಮದೇ ಎಲ್‌ವಿಎಂ-3, ಒನ್‌ವೆಬ್ ಕಂಪನಿಯವರ 36 ಉಪಗ್ರಹ ಹೊತ್ತು ಹೋಯ್ತು. 5,805 ಕೆಜಿ. 49 ಕೆಜಿ ವ್ಯತ್ಯಾಸ ಸಾರ್, ಒಂದು ಮೂಟೆ ಕಾಫಿ! ಅಷ್ಟಕ್ಕೋಸ್ಕರ ಹೊರಗಿನವರ ಕಾಲು ಹಿಡೀಬೇಕಿತ್ತಾ?"

ಅಂಕಿ ಎಲ್ಲ ಸರಿ. ತೀರ್ಮಾನ ಮಾತ್ರ ಪೂರ್ತಿ ತಪ್ಪು. ಒನ್‌ವೆಬ್ ಉಪಗ್ರಹಗಳನ್ನು ಆ ಸಲ ಇಳಿಸಿದ್ದು 450 ಕಿ.ಮೀ. ಎತ್ತರದ ವೃತ್ತಾಕಾರದ ಕಕ್ಷೆಯಲ್ಲಿ. ಜಿಸ್ಯಾಟ್-11 ಕೊನೆಗೆ ಸೇರಬೇಕಾದದ್ದು 36,000 ಕಿ.ಮೀ. ಎತ್ತರ. ಅಲ್ಲಿಗೆ ಹೋಗುವ ಉಪಗ್ರಹವನ್ನು ರಾಕೆಟ್ ಮೊದಲು ಒಂದು ಉದ್ದನೆಯ ಮೊಟ್ಟೆಯಾಕಾರದ ಕಕ್ಷೆಗೆ ಬಿಡುತ್ತದೆ. ಒಂದು ತುದಿ ಭೂಮಿಗೆ ಇನ್ನೂರು ಚಿಲ್ಲರೆ ಕಿ.ಮೀ. ಹತ್ತಿರ, ಇನ್ನೊಂದು ತುದಿ 36,000ದ ಹತ್ತಿರ. ನಮ್ಮವರು ಅದನ್ನು ಜಿಟಿಓ ಅನ್ನುತ್ತಾರೆ. ಎಲ್‌ವಿಎಂ-3 ಕೆಳಗಿನ ಕಕ್ಷೆಗಾದರೆ ಸುಮಾರು 8 ಟನ್ ಒಯ್ಯುತ್ತದೆ, ಜಿಟಿಓಗಾದರೆ ಸುಮಾರು 4 ಟನ್. ಅದೇ ರಾಕೆಟ್, ಅದೇ ಇಂಧನ. ಸುಮಾರು ಅನ್ನುವುದನ್ನು ದಯವಿಟ್ಟು ಬಿಡಬೇಡಿ. ಪ್ರತಿ ಉಡಾವಣೆಗೂ ಈ ಅಂಕಿ ಹಿಂದೆ ಮುಂದೆ ಆಗುತ್ತದೆ.

ನನ್ನ ಗೆಳೆಯರಿಗೆ ಸುಬ್ರಹ್ಮಣ್ಯದಿಂದ ಸಕಲೇಶಪುರಕ್ಕೆ ಹತ್ತುವ ರೈಲು ದಾರಿ ಚೆನ್ನಾಗಿ ಗೊತ್ತು. 50 ಮೀಟರ್ ಹೋದರೆ ಒಂದು ಮೀಟರ್ ಏರು. ಅರಸೀಕೆರೆ ಕಡೆಯ ಬಯಲಿನಲ್ಲಿ ಆರಾಮಾಗಿ ಎಳೆಯುವ ಗೂಡ್ಸ್ ಗಾಡಿಗೆ ಅಲ್ಲಿ ಹಿಂದಿನಿಂದ ತಳ್ಳಲು ಬೇರೆ ಎಂಜಿನ್ ಹಾಕಬೇಕು. "ಈ ಎಂಜಿನ್ ಎಷ್ಟು ಟನ್ ಎಳೆಯುತ್ತೆ" ಅಂತ ಕೇಳಿದರೆ ರೈಲ್ವೆಯವರು ಮೊದಲು ಯಾವ ಸೆಕ್ಷನ್ ಅಂತಲೇ ಕೇಳುತ್ತಾರೆ. ಇದನ್ನು ಹೇಳಿದ ತಕ್ಷಣ ಅವರ ಮುಖ ಅರಳಿತು. "ಓ, ಎತ್ತರ ಜಾಸ್ತಿ, ಅದಕ್ಕೆ ಭಾರ ಕಮ್ಮಿ." ಅಲ್ಲಿಗೆ ನಾನು ಮತ್ತೆ ತಲೆ ಚಚ್ಚಿಕೊಳ್ಳಬೇಕಾಯಿತು. ಘಾಟಿಯಲ್ಲಿ ಕಷ್ಟ ಎತ್ತರದ್ದು. ರಾಕೆಟ್‌ಗೆ ಮುಖ್ಯ ಕಷ್ಟ ವೇಗದ್ದು.

ಇದೊಂದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಎಲ್ಲರೂ ಎಡವುವುದು ಇಲ್ಲೇ. 450 ಕಿ.ಮೀ. ಎತ್ತರದಲ್ಲಿ ಬೀಳದೆ ಸುತ್ತಬೇಕಾದರೆ ಸೆಕೆಂಡಿಗೆ ಸುಮಾರು 7.6 ಕಿ.ಮೀ. ವೇಗ ಬೇಕು. ಅಷ್ಟು ಅಡ್ಡ ವೇಗ ಇಲ್ಲದಿದ್ದರೆ ಎಷ್ಟು ಎತ್ತರಕ್ಕೆ ಹೋದರೂ ವಾಪಸ್ ಬಂದು ಬೀಳುತ್ತದೆ. ಜಿಟಿಓಗೆ ಹೋಗಬೇಕಾದರೆ ಭೂಮಿಯ ಹತ್ತಿರದ ತುದಿಯಲ್ಲಿ ಸೆಕೆಂಡಿಗೆ ಸುಮಾರು 10.2 ಕಿ.ಮೀ. ವೇಗ ಹಿಡಿಸಿ ಬಿಡಬೇಕು. ಆಮೇಲೆ ಎತ್ತರ ತಾನಾಗಿಯೇ ಬರುತ್ತದೆ. ಅಂದರೆ ರಾಕೆಟ್ ಹೆಚ್ಚಿಗೆ ಗಳಿಸಬೇಕಾದದ್ದು ಸೆಕೆಂಡಿಗೆ ಎರಡೂವರೆ ಕಿ.ಮೀ.

ಎರಡೂವರೆ ಅಂದರೆ ಏನು ಮಹಾ ಅನ್ನಿಸಬಹುದು. ಅತಿ ತಣ್ಣಗಿನ ದ್ರವ ಇಂಧನ ಉರಿಸುವ ಒಳ್ಳೆಯ ಕ್ರಯೋಜೆನಿಕ್ ಎಂಜಿನ್ ಇದ್ದರೂ, ಆ ಎರಡೂವರೆಗೆ ಕೆಳಗಿನ ಕಕ್ಷೆ ಮುಟ್ಟಿದಾಗ ಇದ್ದ ಒಟ್ಟು ತೂಕದಲ್ಲಿ ನೂರಕ್ಕೆ 40ಕ್ಕಿಂತ ಜಾಸ್ತಿ ಪಾಲು ಇಂಧನವಾಗಿ ಉರಿದುಹೋಗಬೇಕು. ಒಟ್ಟು ತೂಕ ಅಂದರೆ ಉಪಗ್ರಹ ಒಂದೇ ಅಲ್ಲ. ಕೊನೆಯ ಹಂತದ ಟ್ಯಾಂಕು, ಎಂಜಿನ್, ಪೈಪು, ಎಲೆಕ್ಟ್ರಾನಿಕ್ಸ್ ಎಲ್ಲ ಸೇರಿ. ಟ್ಯಾಂಕಿನ ತೂಕ ಕಮ್ಮಿ ಆಗುವುದಿಲ್ಲ, ಎಂಜಿನ್ ಕರಗುವುದಿಲ್ಲ. ಹಾಗಾದರೆ ಖೋತಾ ಯಾರ ಪಾಲಿಗೆ? ಪೂರ್ತಿ ಉಪಗ್ರಹದ ಪಾಲಿಗೆ. 8 ಟನ್ ಇದ್ದದ್ದು 4ಕ್ಕೆ ಇಳಿಯುವುದು ಹೀಗೆ.

ಬೇಲೂರಿನ ಒಂದು ಶಾಲೆಯಲ್ಲಿ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು. "ಸಾರ್, ಇಂಧನ ಉರಿದಂಗೆ ರಾಕೆಟ್ ಹಗುರ ಆಗುತ್ತಲ್ಲ, ಹಂಗಾದ್ರೆ ಕೊನೇಲಿ ಜಾಸ್ತಿ ಎತ್ತಬೇಕಲ್ವಾ?" ಎಷ್ಟು ಒಳ್ಳೆ ಪ್ರಶ್ನೆ! ಹಗುರವಾಗುವುದು ನಿಜ, ಆದರೆ ಖಾಲಿ ಟ್ಯಾಂಕು ಸುಮ್ನೆ ಹೊರೆ. ಅದಕ್ಕೇ ಹಂತ ಹಂತವಾಗಿ ಕಳಚಿ ಎಸೆಯುವುದು. ಮೊದಲ ಹಂತದಲ್ಲಿ ಒಂದು ಕೆಜಿ ಜಾಸ್ತಿ ಆದರೆ ಉಪಗ್ರಹದಿಂದ ಹೋಗುವುದು ಅದರಲ್ಲಿ ಸ್ವಲ್ಪ ಪಾಲು ಮಾತ್ರ, ಯಾಕೆಂದರೆ ಅದು ಬೇಗ ಕಳಚಿ ಬೀಳುತ್ತದೆ. ಕೊನೆಯ ಹಂತದಲ್ಲಿ ಒಂದು ಕೆಜಿ ಜಾಸ್ತಿಯಾದರೆ ಉಪಗ್ರಹದಲ್ಲಿ ಸರಿಯಾಗಿ ಒಂದು ಕೆಜಿ ಖೋತಾ. ಅಲ್ಲಿ ಎಂಜಿನಿಯರ್‌ಗಳು ನಟ್ಟು ಬೋಲ್ಟಿನ ತೂಕಕ್ಕೂ ಜಗಳ ಆಡುತ್ತಾರೆ.

ಈಗ ನಮ್ಮ ರಾಕೆಟ್‌ಗಳ ವಂಶವನ್ನು ಈ ಕಣ್ಣಿನಿಂದ ನೋಡಿ, ಕಥೆಯೇ ಬೇರೆ ಕಾಣುತ್ತದೆ. ನಾನು ರಾಕೆಟ್ ಕಟ್ಟಿದವನಲ್ಲ, ಅದು ಬಿಟ್ಟುಹೋದ ಕಡೆಯಿಂದ ಉಪಗ್ರಹವನ್ನು ಮುಂದಕ್ಕೆ ಕರೆದುಕೊಂಡು ಹೋಗುವ ಕೆಲಸ ಮಾಡಿದವನು. ಕಟ್ಟಿದವರು ಇದನ್ನೇ ಇನ್ನೂ ಚೆನ್ನಾಗಿ ಹೇಳಬಲ್ಲರು.

ಮೊದಲನೆಯದು ಎಸ್‌ಎಲ್‌ವಿ-3. ನಾಲ್ಕೂ ಹಂತ ಘನ ಇಂಧನ. 1979ರ ಆಗಸ್ಟಿನಲ್ಲಿ ಸೋತು, 1980ರ ಜುಲೈ 18ರಂದು ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಸಾಮರ್ಥ್ಯ ಕೆಳಗಿನ ಕಕ್ಷೆಗೆ 40 ಕೆಜಿ. 40 ಕೆಜಿಯಾ ಅಂತ ಜನ ನಗುತ್ತಾರೆ. ಅದರ ನಾಲ್ಕನೇ ಹಂತದ ಮೋಟಾರಿನಿಂದಲೇ ರೂಪಿಸಿದ ಒಂದು ಮೋಟಾರು, 1981ರ ಜೂನ್‌ನಲ್ಲಿ ಆಪಲ್ ಉಪಗ್ರಹದ ಒಳಗೆ ಕೂತು ಏರಿಯಾನ್ ರಾಕೆಟ್ ಹತ್ತಿತು. ಆಪಲ್ ಅನ್ನು ಜಿಟಿಓದಿಂದ 36,000 ಕಿ.ಮೀ.ಗೆ ಏರಿಸಿದ್ದು ಅದೇ. ಆಪಲ್ ಅನ್ನು ಎತ್ತಿನ ಗಾಡಿಯಲ್ಲಿಟ್ಟ ಫೋಟೋ ಎಲ್ಲರೂ ನೋಡಿದ್ದಾರೆ, ಈ ಮೋಟಾರಿನ ಕಥೆ ಯಾರೂ ಕೇಳುವುದಿಲ್ಲ.

ಎಎಸ್‌ಎಲ್‌ವಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. 150 ಕೆಜಿ ಗುರಿ, 1987 ಮತ್ತು 1988ರಲ್ಲಿ ಸೋಲು, ಆಮೇಲೆ ಗೆಲುವು. ಕಲಿತದ್ದೆಲ್ಲ ಮುಂದಿನದಕ್ಕೆ ಹೋಯಿತು.

ಮುಂದಿನದು ಪಿಎಸ್‌ಎಲ್‌ವಿ. ಅದು ಹುಟ್ಟಿದ್ದು ಭೂಮಿಯ ಚಿತ್ರ ತೆಗೆಯುವ ಉಪಗ್ರಹಗಳಿಗೆ. ಅಂಥ ಮೊದಲನೆಯ ಐಆರ್‌ಎಸ್-1ಎ 1988ರಲ್ಲಿ ಸೋವಿಯತ್ ರಾಕೆಟ್‌ನಲ್ಲಿ ಬೈಕನೂರಿನಿಂದ ಹೋಗಿತ್ತು. ಧ್ರುವಗಳ ಮೇಲೆ ಸುತ್ತುವ ಆ ಕಕ್ಷೆಗೆ ನಮ್ಮದೇ ರಾಕೆಟ್ ಬೇಕಿತ್ತು. ಮೊದಲ ಹಾರಾಟ 1993ರಲ್ಲಿ ಸೋತಿತು, 1994ರ ಅಕ್ಟೋಬರಿನಲ್ಲಿ ಎರಡನೆಯದು ಗೆದ್ದಿತು. ಎರಡನೇ ಹಂತದಲ್ಲಿ ವಿಕಾಸ್ ಎಂಜಿನ್. ಫ್ರೆಂಚರ ವೈಕಿಂಗ್ ಎಂಜಿನ್ ತಂತ್ರಜ್ಞಾನ ಕಲಿತು ನಮ್ಮವರು ಮಾಡಿಕೊಂಡದ್ದು. ಅಂದರೆ ಏರಿಯಾನ್‌ನ ಹಳೆಯ ತಲೆಮಾರುಗಳೂ ನಮ್ಮವೂ ಒಂದು ರೀತಿ ದಾಯಾದಿಗಳು.

ಪಿಎಸ್‌ಎಲ್‌ವಿಯಲ್ಲೂ ಎಲ್ಲಿಗೆ ಅನ್ನುವ ಪ್ರಶ್ನೆ ಕಾಡುತ್ತದೆ. 600 ಕಿ.ಮೀ. ಧ್ರುವ ಕಕ್ಷೆಗೆ 1,750 ಕೆಜಿ ಅಂತ ಲೆಕ್ಕ. ಶ್ರೀಹರಿಕೋಟಾದಿಂದ ನೇರ ದಕ್ಷಿಣಕ್ಕೆ ಹಾರಿದರೆ ಕೆಳಗೆ ಶ್ರೀಲಂಕಾ. ಉರಿದ ಹಂತಗಳು ಜನರ ತಲೆ ಮೇಲೆ ಬೀಳಬಾರದು. ಹಾಗಾಗಿ ಮೊದಲು ಆಗ್ನೇಯಕ್ಕೆ ಹೋಗಿ, ನಡುವೆ ತಿರುಗಬೇಕು. ಆ ತಿರುವಿಗೆ ಇಂಧನ ಹೋಗುತ್ತದೆ, ಕೆಜಿ ಹೋಗುತ್ತದೆ. ತಮಿಳುನಾಡಿನ ಕುಲಶೇಖರಪಟ್ಟಣದಲ್ಲಿ ಚಿಕ್ಕ ರಾಕೆಟ್ ಎಸ್‌ಎಸ್‌ಎಲ್‌ವಿಗೆ ಹೊಸ ಉಡಾವಣಾ ಕೇಂದ್ರ ಮಾಡುತ್ತಿರುವುದಕ್ಕೆ ಕಾರಣ ಇದೇ. ಅಲ್ಲಿಂದ ದಕ್ಷಿಣಕ್ಕೆ ಬರೀ ಸಮುದ್ರ.

ಈ ಪಿಎಸ್‌ಎಲ್‌ವಿಯನ್ನೇ 2011ರ ಜುಲೈ 15ರಂದು ಜಿಸ್ಯಾಟ್-12ಕ್ಕೆ ಬಳಸಿದರು. ಸಂಪರ್ಕ ಉಪಗ್ರಹ, 1,410 ಕೆಜಿ. ಪೂರ್ತಿ ಜಿಟಿಓಗೆ ಒಯ್ಯುವ ಬದಲು ದೂರದ ತುದಿ 21,000 ಕಿ.ಮೀ. ಇರುವ ಕಕ್ಷೆಗೆ ಬಿಟ್ಟರು. ಉಳಿದದ್ದೆಲ್ಲ ಉಪಗ್ರಹದ ಸ್ವಂತ ಎಂಜಿನ್‌ನಿಂದ, ಹಾಸನದ ಆಜ್ಞೆಯಂತೆ. ಮಂಗಳಯಾನವೂ ಹಾಗೆಯೇ. ಪಿಎಸ್‌ಎಲ್‌ವಿ ಮಂಗಳಕ್ಕೆ ಹೋಯಿತು ಅಂತ ಬರೆಯುತ್ತಾರೆ. ಅದು ಬಿಟ್ಟದ್ದು ಭೂಮಿಯನ್ನು ಸುತ್ತುವ ಕಕ್ಷೆಯಲ್ಲಿ, ಮುಂದಿನ ದಾರಿ ನೌಕೆಯದ್ದೇ.

ಸ್ವಂತ ಎಂಜಿನ್ ಅಂದಾಗ ಜನ ದೊಡ್ಡ ಬೆಂಕಿ ಊಹಿಸಿಕೊಳ್ಳುತ್ತಾರೆ. ಅದರ ಬಲ 440 ನ್ಯೂಟನ್. ಭೂಮಿಯ ಮೇಲೆ 45 ಕೆಜಿ ಎತ್ತಿ ಹಿಡಿಯಲು ಬೇಕಾಗುವಷ್ಟು. ಮೂರು ಟನ್ ಉಪಗ್ರಹವನ್ನು ತಳ್ಳುವುದು ಅಷ್ಟೇ ಬಲದಿಂದ. ಒಟ್ಟು ಎರಡು ಮೂರು ಗಂಟೆ ಉರಿಯಬೇಕು, ಅದೂ ಒಂದೇ ಸಲಕ್ಕಲ್ಲ. ಉಪಗ್ರಹ ದೂರದ ತುದಿಗೆ ಬರುವವರೆಗೆ ಕಾಯಬೇಕು, ಎಂಜಿನ್ ಬಾಯಿ ಸರಿಯಾದ ದಿಕ್ಕಿಗೆ ತಿರುಗಿಸಬೇಕು, ಉರಿಸಬೇಕು, ಆರಿಸಬೇಕು, ಕಕ್ಷೆ ಎಷ್ಟು ಬದಲಾಯಿತು ಅಂತ ಅಳೆಯಬೇಕು. ಮತ್ತೆ ಮುಂದಿನ ಸುತ್ತಿಗೆ ಲೆಕ್ಕ. ಟಿವಿಯವರು ಚಪ್ಪಾಳೆ ತೋರಿಸಿ ಕ್ಯಾಮೆರಾ ಮುಚ್ಚಿದ ಮೇಲೆ ಹಾಸನದ ಕಂಟ್ರೋಲ್ ರೂಮಿನಲ್ಲಿ ಕೆಲಸ ಶುರು. ಇಂಥ ಉಪಗ್ರಹದ ತೂಕದಲ್ಲಿ ಹೆಚ್ಚುಕಮ್ಮಿ ಅರ್ಧ ಇಂಧನವೇ. ರಾಕೆಟ್ ಚೂರು ಕಮ್ಮಿ ವೇಗ ಕೊಟ್ಟರೆ ಆ ಕೊರತೆಯನ್ನು ಉಪಗ್ರಹ ತನ್ನ ಇಂಧನದಿಂದ ತುಂಬಬೇಕು, ಅಷ್ಟು ಆಯಸ್ಸು ಕಳೆದುಕೊಳ್ಳಬೇಕು.

ಪಿಎಸ್‌ಎಲ್‌ವಿಯ ನಂತರ ಬಂದ ರಾಕೆಟ್ ಜಿಎಸ್‌ಎಲ್‌ವಿ. ಅದರ ಮೊದಲ ಹಾರಾಟದಲ್ಲಿ ಆದದ್ದು ಇದೇ. 2001ರ ಏಪ್ರಿಲ್ 18. ದೂರದ ತುದಿ 36,000ದ ಹತ್ತಿರ ಬರಬೇಕಿತ್ತು, 32,000 ಚಿಲ್ಲರೆಗೆ ನಿಂತಿತು. ಜಿಸ್ಯಾಟ್-1 ತನ್ನ ಇಂಧನ ಖರ್ಚು ಮಾಡಿಕೊಂಡು ಏರಿತು, ಆದರೂ ತನ್ನ ಜಾಗ ಸೇರಲಿಲ್ಲ. ಆಗ ಮೇಲಿನ ಹಂತ ರಷ್ಯದ್ದು. ಅಮೆರಿಕದ ಒತ್ತಡಕ್ಕೆ 1993ರಲ್ಲಿ ರಷ್ಯದವರು ತಂತ್ರಜ್ಞಾನ ಕೊಡುವುದಿಲ್ಲ ಅಂದರು, ಸಿದ್ಧ ಹಂತ ಏಳು ಕೊಟ್ಟರು. ಮೈನಸ್ 253 ಡಿಗ್ರಿಯ ಹೈಡ್ರೋಜನ್ ಜೊತೆ ಏಗುವುದನ್ನು ನಮ್ಮವರು ತಾವೇ ಕಲಿಯಬೇಕಾಯಿತು. 2010ರಲ್ಲಿ ಎರಡು ಸೋಲು. 2014ರ ಜನವರಿ 5ರಂದು ನಮ್ಮ ಕ್ರಯೋಜೆನಿಕ್ ಹಂತ ಗೆದ್ದಿತು. ಆ ಹಂತ ಯಾಕಷ್ಟು ಮುಖ್ಯ ಅನ್ನುವುದು ಬೇಲೂರಿನ ಹುಡುಗಿಗೆ ಹೇಳಿದ ಉತ್ತರದಲ್ಲೇ ಇದೆ. ಕೊನೆಯ ಹಂತದ ಎಂಜಿನ್ ಇಂಧನವನ್ನು ಚೆನ್ನಾಗಿ ದುಡಿಸಿಕೊಂಡಷ್ಟೂ ಉಳಿತಾಯ ನೇರ ಉಪಗ್ರಹಕ್ಕೆ.

2025ರ ಜನವರಿ 29ರಂದು ಇದೇ ಜಿಎಸ್‌ಎಲ್‌ವಿ ಎನ್‌ವಿಎಸ್-02 ಅನ್ನು ಕರಾರುವಾಕ್ಕಾಗಿ ಜಿಟಿಓಗೆ ಬಿಟ್ಟಿತು. ಶ್ರೀಹರಿಕೋಟಾದ ನೂರನೇ ಉಡಾವಣೆ ಅಂತ ಎಲ್ಲ ಕಡೆ ಸಂಭ್ರಮ. ಆಮೇಲೆ ಉಪಗ್ರಹದ ಎಂಜಿನ್‌ಗೆ, ಇಂಧನ ಉರಿಯಲು ಬೇಕಾದ ಆಕ್ಸಿಡೈಸರ್ ಬಿಡುವ ವಾಲ್ವ್ ತೆರೆಯಲಿಲ್ಲ. ಕಕ್ಷೆ ಏರಿಸಲು ಆಗಲಿಲ್ಲ. "ರಾಕೆಟ್ ಗೆದ್ದಿತಲ್ಲ, ಮತ್ತೆ ಉಪಗ್ರಹ ಯಾಕೆ ಹೋಗಲಿಲ್ಲ?" ಅಂತ ಆ ವಾರ ಫೋನ್ ಮಾಡಿದವರಿಗೆಲ್ಲ ನಾನು ಮೇಲಿನ ಮೊಟ್ಟೆಯಾಕಾರದಿಂದಲೇ ಶುರು ಮಾಡಬೇಕಾಯಿತು.

2025ರ ನವೆಂಬರ್ 2ರಂದು ಎಲ್‌ವಿಎಂ-3 ಸಿಎಂಎಸ್-03 ಅನ್ನುವ ಸಂಪರ್ಕ ಉಪಗ್ರಹವನ್ನು ಹೊತ್ತು ಹೋಯಿತು. 4,410 ಕೆಜಿ. ಕಾಫಿ ತೋಟದ ಗೆಳೆಯರ ಫೋನ್ ಅವತ್ತೇ ಬಂತು. "4 ಟನ್ ಅಂದ್ರಿ, ಈಗ ನಾಲ್ಕು ಚಿಲ್ಲರೆ ಹೆಂಗೆ ಹೋಯ್ತು?" ದೂರದ ತುದಿ ಎಷ್ಟು ಇತ್ತು ನೋಡಿ ಅಂದೆ. ಸ್ವಲ್ಪ ಹೊತ್ತು ಬಿಟ್ಟು ಅವರೇ ಮತ್ತೆ ಫೋನ್ ಮಾಡಿದರು. "30,000ದ ಹತ್ತಿರ ಅಂತಿದೆ ಸಾರ್. 36,000 ಇಲ್ಲ." ಅಷ್ಟೇ ಸಾಕಿತ್ತು ನನಗೆ. ರಾಕೆಟ್‌ನ ಶಕ್ತಿಯೂ ವರ್ಷದಿಂದ ವರ್ಷಕ್ಕೆ ಸುಧಾರಿಸುತ್ತದೆ ಅನ್ನುವುದನ್ನು ಸೇರಿಸಿ ಹೇಳಿದೆ. ಒಂದೇ ಕಾರಣಕ್ಕೆ ಎಲ್ಲವನ್ನೂ ಕಟ್ಟಬಾರದು.

ಇನ್ನು ಬರಲಿರುವುದು ಎನ್‌ಜಿಎಲ್‌ವಿ. ಕೇಂದ್ರ ಸಂಪುಟ 2024ರ ಸೆಪ್ಟೆಂಬರಿನಲ್ಲಿ ಒಪ್ಪಿಗೆ ಕೊಟ್ಟಿದೆ, ಮೊದಲ ಹಂತ ವಾಪಸ್ ಇಳಿಸಿ ಮತ್ತೆ ಬಳಸುವ ಉದ್ದೇಶ ಇದೆ. 30 ಟನ್ ಎತ್ತುವ ರಾಕೆಟ್ ಅಂತ ಈಗಾಗಲೇ ಕ್ವಿಜ್ ಪುಸ್ತಕಕ್ಕೆ ಹೋಗುವ ಲಕ್ಷಣ ಕಾಣುತ್ತಿದೆ. ಆ 30 ಟನ್ ಕೆಳಗಿನ ಕಕ್ಷೆಯದ್ದು. ಪುಸ್ತಕ ಅಚ್ಚು ಹಾಕಿಸುವವರು ಪಕ್ಕದಲ್ಲಿ ಅದನ್ನೂ ಬರೆದರೆ, ನನಗೆ ಬರುವ ಫೋನು ಅರ್ಧಕ್ಕರ್ಧ ಕಮ್ಮಿ ಆಗುತ್ತದೆ.