ಗೆರೆಗಳು ಅಡ್ಡ ಹಾಯುವಲ್ಲಿ ಜಗಳ ಕಡಿಮೆ

ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರದಲ್ಲಿ ಚುನಾವಣೆ ಅಂದರೆ ಕೂದಲೆಳೆಯ ಪೈಪೋಟಿ. 2016ರಲ್ಲಿ ಗೆಲುವಿನ ಅಂತರ ಬರೀ 89 ಮತ. ಆದರೆ ಕನ್ನಡ ಮಾಧ್ಯಮ ಶಾಲೆಗೆ ಕನ್ನಡ ಬಾರದ ಶಿಕ್ಷಕರನ್ನು ಹಾಕಿದರು ಅನ್ನಿ, ಎಲ್ಲ ಪಕ್ಷದ ಪೋಷಕರೂ ಗೇಟಿನ ಮುಂದೆ ಒಟ್ಟಿಗೆ ನಿಲ್ಲುತ್ತಾರೆ. 2021ರಲ್ಲಿ ಇಲ್ಲಿಂದ ಗೆದ್ದ ಮುಸ್ಲಿಂ ಲೀಗಿನ ಎ.ಕೆ.ಎಂ. ಅಶ್ರಫ್ ಕೇರಳ ವಿಧಾನಸಭೆಯಲ್ಲಿ ಕನ್ನಡದಲ್ಲೇ ಪ್ರಮಾಣವಚನ ತೆಗೆದುಕೊಂಡರು. ಅವರಿಗೆ ಮತ ಹಾಕದ ಕನ್ನಡಿಗರಿಗೂ ಅದು ತಮ್ಮದೇ ವಿಷಯ, ಅಲ್ವಾ?

ರಾಜಕೀಯವನ್ನು ಅಧ್ಯಯನ ಮಾಡುವವರು ಇದರ ಹಿಂದಿನ ಸೂತ್ರವನ್ನು ಹಿಂದೆಯೇ ಗುರುತಿಸಿದ್ದಾರೆ. ಪಕ್ಷ, ಭಾಷೆ, ಧರ್ಮ, ಪ್ರದೇಶ ಎಂದು ಜನರ ನಡುವೆ ಹಲವು ಗೆರೆಗಳಿರುತ್ತವೆ. ಇವು ಒಂದನ್ನೊಂದು ಅಡ್ಡ ಹಾಯ್ದರೆ ಇವತ್ತಿನ ಎದುರಾಳಿ ನಾಳೆ ಜೊತೆಗಾರ. ಎಲ್ಲವೂ ಒಂದರ ಮೇಲೊಂದು ಬಂದು ಕೂತರೆ ಉಳಿಯುವುದು ಎರಡೇ ಗುಂಪು. ಆಮೇಲೆ ರಸ್ತೆಯಿರಲಿ, ಲಸಿಕೆಯಿರಲಿ, ಜಗಳ ಅದೇ.

ಇದಕ್ಕೆ ದೊಡ್ಡ ಸಾಕ್ಷಿ ಅಮೆರಿಕದ ಸಂಸತ್ತು. 1964ರಲ್ಲಿ ಕಪ್ಪು ಜನರಿಗೆ ಸಮಾನ ಹಕ್ಕು ಕೊಡುವ ಮಸೂದೆ ಅದರ ಮೇಲ್ಮನೆಯಾದ ಸೆನೆಟ್‌ಗೆ ಬಂತು. ದಕ್ಷಿಣದ ಸದಸ್ಯರು ವಾರಗಟ್ಟಲೆ ಮಾತಾಡುತ್ತಲೇ ಅದನ್ನು ತಡೆದರು. ಜೂನ್ 10ರಂದು ಚರ್ಚೆ ಮುಗಿಸಲು ಮತ ಹಾಕಿದರು. ಮಿದುಳಿನ ಗಡ್ಡೆಯಿಂದ ಮಾತು ನಿಂತುಹೋಗಿದ್ದ ಕ್ಯಾಲಿಫೋರ್ನಿಯಾದ ಕ್ಲೇರ್ ಎಂಗಲ್ ಅವರನ್ನು ಗಾಲಿಕುರ್ಚಿಯಲ್ಲಿ ಕರೆತಂದರು. ಹೆಸರು ಕರೆದಾಗ ಅವರು ಕಷ್ಟಪಟ್ಟು ಕೈಯೆತ್ತಿ ಕಣ್ಣು ತೋರಿಸಿದರು. ಇಂಗ್ಲಿಷಿನಲ್ಲಿ ಕಣ್ಣು (eye) ಅನ್ನುವುದೂ ಸದನದಲ್ಲಿ ‘ಹೌದು’ (aye) ಅನ್ನುವುದೂ ಕೇಳಲು ಒಂದೇ. ಅದೇ ಅವರ ಒಪ್ಪಿಗೆ. 71 ಮತ ಪರ, 29 ವಿರೋಧ. ಮುಂದೆ ಮಸೂದೆ ಪಾಸಾದಾಗ ಪರವಾಗಿದ್ದ 73 ಮಂದಿಯಲ್ಲಿ 46 ಡೆಮಾಕ್ರಟರು, 27 ರಿಪಬ್ಲಿಕನ್ನರು. ವಿರೋಧಿಸಿದ 27ರಲ್ಲಿ 21 ಮಂದಿ ಅಧ್ಯಕ್ಷರ ಸ್ವಂತ ಪಕ್ಷವಾದ ಡೆಮಾಕ್ರಟರೇ! ಅಂದು ಸದನ ಒಡೆದದ್ದು ಮುಖ್ಯವಾಗಿ ಉತ್ತರ, ದಕ್ಷಿಣ ಎಂದು. ಪಕ್ಷದ ಗೆರೆಯನ್ನು ಪ್ರದೇಶದ ಗೆರೆ ಕತ್ತರಿಸಿತ್ತು.

ಆಮೇಲೆ ದಕ್ಷಿಣದ ಬಿಳಿಯರು ನಿಧಾನವಾಗಿ ರಿಪಬ್ಲಿಕನ್ ಪಕ್ಷಕ್ಕೆ ಸರಿದರು. ಗೆರೆಗಳು ಒಂದಾದವು. ಕೀತ್ ಪೂಲ್ ಮತ್ತು ಹೊವಾರ್ಡ್ ರೋಸೆಂತಾಲ್ ಎಂಬ ವಿದ್ವಾಂಸರು ಇದನ್ನು ಅಳೆಯುವ ದಾರಿ ಕಂಡುಹಿಡಿದರು. ಯಾರು ಯಾರ ಜೊತೆ ಎಷ್ಟು ಸಲ ಮತ ಹಾಕಿದರು ಎಂದು ಲೆಕ್ಕ ಹಾಕಿ ಪ್ರತಿ ಸದಸ್ಯನನ್ನೂ ಎಡದಿಂದ ಬಲಕ್ಕೆ ಒಂದು ಅಳತೆಪಟ್ಟಿಯ ಮೇಲೆ ಕೂರಿಸಿದರು. 1960ರ ದಶಕದಲ್ಲಿ ಪಟ್ಟಿಯ ನಡುಭಾಗದಲ್ಲಿ ಎರಡೂ ಪಕ್ಷದವರು ಬೆರೆತಿದ್ದರು. ಈಗ ನಡು ಖಾಲಿ. 2010ರ ಆರೋಗ್ಯ ವಿಮೆ ಕಾನೂನಿನ ಅಂತಿಮ ಮತದಾನದಲ್ಲಿ ಒಬ್ಬ ರಿಪಬ್ಲಿಕನ್ನನೂ ಕೈಯೆತ್ತಲಿಲ್ಲ.

ನಮ್ಮ ಸಂಸತ್ತನ್ನು ಹೀಗೆ ಅಳೆಯಲು ಹೋದರೆ ಏನೂ ಸಿಗದು. ನಮ್ಮಲ್ಲಿ ಜಾಸ್ತಿ ಮಸೂದೆಗಳು ಧ್ವನಿಮತದಲ್ಲೇ ಮುಗಿಯುತ್ತವೆ, ಯಾರು ಏನಂದರು ಎಂಬ ದಾಖಲೆಯೇ ಇರುವುದಿಲ್ಲ. ಜೊತೆಗೆ 1985ರ ಪಕ್ಷಾಂತರ ನಿಷೇಧ ಕಾಯ್ದೆ ಇದೆ. ವಿಪ್, ಅಂದರೆ ಹೀಗೇ ಮತ ಹಾಕಿ ಎಂಬ ಪಕ್ಷದ ಆದೇಶ, ಮೀರಿದರೆ ಸದಸ್ಯತ್ವಕ್ಕೇ ಕುತ್ತು. ದುಡ್ಡಿಗೆ ಪಕ್ಷ ಬದಲಿಸುವವರನ್ನು ತಡೆಯಲು ತಂದ ಕಾಯ್ದೆ ಅದು, ಉದ್ದೇಶ ಒಳ್ಳೆಯದೇ. ಆದರೆ ಕ್ಷೇತ್ರ, ಭಾಷೆ, ಬೆಳೆಯ ಗೆರೆಗಳನ್ನೆಲ್ಲ ಅದು ಪಕ್ಷದ ಗೆರೆಯ ಕೆಳಗೆ ಒತ್ತಿಬಿಟ್ಟಿತು ಎಂದೇ ನನ್ನ ಅನಿಸಿಕೆ.

ವಿಪ್ ಇಲ್ಲದ ಒಂದು ಜಾಗ ಉಳಿದಿತ್ತು. ಅದು ಸ್ಥಾಯಿ ಸಮಿತಿಗಳ ಕೋಣೆ. ಅಲ್ಲಿ ಕ್ಯಾಮೆರಾ ಇಲ್ಲ, ಘೋಷಣೆ ಇಲ್ಲ. ಎಲ್ಲ ಪಕ್ಷದವರೂ ಮಸೂದೆಯನ್ನು ಸಾಲು ಸಾಲಾಗಿ ಓದುತ್ತಾರೆ. 15ನೇ ಲೋಕಸಭೆಯಲ್ಲಿ (2009–14) ಸುಮಾರು 71 ಶೇಕಡಾ ಮಸೂದೆಗಳು ಸಮಿತಿಗೆ ಹೋಗಿದ್ದವು. 17ನೆಯದರಲ್ಲಿ (2019–24) ಸುಮಾರು 16 ಶೇಕಡಾ. ಅದೇ ಲೋಕಸಭೆಯ ಅವಧಿಯಲ್ಲಿ, 2023ರ ಚಳಿಗಾಲದ ಅಧಿವೇಶನದಲ್ಲಿ, ಎರಡೂ ಸದನಗಳಿಂದ 146 ಸದಸ್ಯರು ಅಮಾನತಾದರು.

ಸರಿಪಡಿಸುವ ದಾರಿ ಹೊಸದಾಗಿ ಹುಡುಕಬೇಕಾಗಿಲ್ಲ. ಸರ್ಕಾರ ಉಳಿಸುವ, ಉರುಳಿಸುವ ಮತದಾನ, ಹಣಕಾಸಿನ ಮಸೂದೆಯಂಥ ಕೆಲವೇ ಸಂದರ್ಭಗಳಲ್ಲಿ ಮಾತ್ರ ವಿಪ್ ಮೀರಿದವರ ಸದಸ್ಯತ್ವ ಹೋಗಲಿ ಎಂದು 1990ರಲ್ಲೇ ದಿನೇಶ್ ಗೋಸ್ವಾಮಿ ಸಮಿತಿ ಹೇಳಿತ್ತು. ಅದನ್ನು ಒಪ್ಪಿಕೊಂಡಿದ್ದರೆ, ಭಾಷಾ ಅಲ್ಪಸಂಖ್ಯಾತರ ವಿಷಯ ಸದನಕ್ಕೆ ಬಂದ ದಿನ ಕಾಸರಗೋಡಿನ ಸಂಸದರು, ಯಾವ ಪಕ್ಷದವರೇ ಆಗಿರಲಿ, ಬೆಳಗಾವಿಯ ಮರಾಠಿಗರ, ಸೊಲ್ಲಾಪುರದ ಕನ್ನಡಿಗರ ಸಂಸದರ ಜೊತೆ ಕೂತು ಒಂದೇ ಕಡೆ ಮತ ಹಾಕಬಹುದಿತ್ತು.