ಕರೆಂಟ್ ಹಸಿರಾಗಬಹುದು, ಕುಲುಮೆ?

2070ಕ್ಕೆ ದೇಶದ ಇಂಗಾಲದ ಲೆಕ್ಕ ಸೊನ್ನೆಯಾಗಬೇಕು, ಅಂದರೆ ಗಾಳಿಗೆ ಬಿಡುವಷ್ಟನ್ನೂ ವಾಪಸ್ ಹೀರಿಕೊಳ್ಳುವಂತಾಗಬೇಕು ಎಂದು ಭಾರತ 2021ರಲ್ಲಿ ಗ್ಲಾಸ್ಗೋದಲ್ಲಿ ಘೋಷಿಸಿತು. ಕರ್ನಾಟಕದ ಪಾಲಿನ ಕೆಲಸ ಎಷ್ಟು ಕಷ್ಟ? ಕರೆಂಟ್ ವಿಷಯದಲ್ಲಿ ನಾವು ಸಾಕಷ್ಟು ಮುಂದಿದ್ದೇವೆ. ಕಾರ್ಖಾನೆ ವಿಷಯದಲ್ಲಿ ಇನ್ನೂ ಬಾಗಿಲಲ್ಲೇ ಇದ್ದೇವೆ.

ನಮ್ಮಲ್ಲಿ ಕಲ್ಲಿದ್ದಲು ಗಣಿ ಇಲ್ಲ. ಹಾಗಾಗಿ ಮೊದಲಿಂದಲೂ ನೀರನ್ನೇ ನಂಬಿದೆವು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ಆಮೇಲೆ ಜೋಗ, 1960ರ ದಶಕದಲ್ಲಿ ಶರಾವತಿ. ಹೊಗೆ ಇರಲಿಲ್ಲ ನಿಜ, ಆದರೆ ಲಿಂಗನಮಕ್ಕಿ ಹಿನ್ನೀರಿನಲ್ಲಿ ಊರು, ತೋಟ ಕಳೆದುಕೊಂಡವರ ಮಕ್ಕಳು ಮೊಮ್ಮಕ್ಕಳು ಇಂದಿಗೂ ಹಕ್ಕುಪತ್ರಕ್ಕಾಗಿ ಅಲೆಯುತ್ತಿದ್ದಾರೆ.

ಮಳೆ ಕೈಕೊಟ್ಟರೆ ಕರೆಂಟೂ ಕೈಕೊಡುತ್ತಿತ್ತು. 1985ರಲ್ಲಿ ರಾಯಚೂರಿನ ಶಕ್ತಿನಗರದಲ್ಲಿ ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ ಶುರುವಾಯಿತು. ಹೊರರಾಜ್ಯದ ಕಲ್ಲಿದ್ದಲು ರೈಲಿನಲ್ಲಿ ಬರತೊಡಗಿತು.

2018ರಲ್ಲಿ ಪಾವಗಡದ ಸೋಲಾರ್ ಪಾರ್ಕ್ ಉದ್ಘಾಟನೆಯಾಯಿತು. ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ಇಲ್ಲಿ ಜಮೀನು ಕೊಂಡುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು. ಪಹಣಿಯಲ್ಲಿ ರೈತರ ಹೆಸರೇ ಉಳಿಯಿತು. ಶರಾವತಿಗೆ ಹೋಲಿಸಿದರೆ ಇದು ಎಷ್ಟೋ ಮೇಲು. ಆದರೆ ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ ಗುತ್ತಿಗೆ ಹಣ ಬರುವುದಿಲ್ಲ ಅಲ್ವಾ? ಇನ್ನು ಸೂರ್ಯ ಮುಳುಗಿದ ಮೇಲಿನ ಕರೆಂಟಿಗೆ ದಾರಿ ಬೇಕು. ಪಂಪ್‌ಸೆಟ್‌ಗಳಿಗೆ ಹಗಲಲ್ಲೇ ತ್ರೀ ಫೇಸ್ ಕೊಟ್ಟರೆ ರಾತ್ರಿಯ ಹೊರೆ ಇಳಿಯುತ್ತದೆ, ರೈತರೂ ನಿದ್ದೆ ಕೆಟ್ಟು ಹೊಲಕ್ಕೆ ಹೋಗಬೇಕಿಲ್ಲ.

ಕಬ್ಬಿಣದ ಕಥೆ ಬೇರೆ. ಅದಿರಿನಲ್ಲಿ ಕಬ್ಬಿಣ ಆಮ್ಲಜನಕದ ಜೊತೆ ಬೆಸೆದುಕೊಂಡಿರುತ್ತದೆ. ತೋರಣಗಲ್ಲಿನಂಥ ದೊಡ್ಡ ಉಕ್ಕಿನ ಕಾರ್ಖಾನೆಯ ಊದುಕುಲುಮೆಯಲ್ಲಿ ಕೋಕ್ (ಕಲ್ಲಿದ್ದಲನ್ನು ಕಾಯಿಸಿ ಮಾಡಿದ ಇಂಧನ) ಸುಮ್ನೆ ಶಾಖ ಕೊಡುವುದಷ್ಟೇ ಅಲ್ಲ, ಆ ಆಮ್ಲಜನಕವನ್ನೂ ಕಿತ್ತುಕೊಳ್ಳುತ್ತದೆ. ಈ ದಾರಿಯಲ್ಲಿ ಒಂದು ಟನ್ ಉಕ್ಕಿಗೆ ಎರಡು ಟನ್‌ಗಿಂತ ಜಾಸ್ತಿ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಕರೆಂಟ್ ಬದಲಿಸಿದರೆ ಸಾಲದು, ಕೋಕ್‌ನ ಈ ಎರಡನೇ ಕೆಲಸಕ್ಕೆ ಬದಲಿ ಹುಡುಕಬೇಕು.

ಭದ್ರಾವತಿ ಈ ಪ್ರಶ್ನೆಯನ್ನು ನೂರು ವರ್ಷದ ಹಿಂದೆಯೇ ಎದುರಿಸಿತ್ತು. 1923ರಲ್ಲಿ ಅಲ್ಲಿ ಕಬ್ಬಿಣ ಕರಗಿದ್ದು ಮಲೆನಾಡಿನ ಮರ ಸುಟ್ಟು ಮಾಡಿದ ಇದ್ದಿಲಿನಿಂದ. ಕಾಡು ಬರಿದಾಗುತ್ತಾ ಬಂತು. 1950ರ ದಶಕದಲ್ಲಿ ಜೋಗದ ಕರೆಂಟಿನಿಂದ ವಿದ್ಯುತ್ ಕುಲುಮೆ ಹೊತ್ತಿಸಿದರು. ಶಾಖ ಕರೆಂಟಿನಿಂದ ಬಂತು, ಆಮ್ಲಜನಕ ಕೀಳಲು ಮಾತ್ರ ಇಂಗಾಲ ಬೇಕೇ ಬೇಕಾಯಿತು. ಈಗ ಆ ಕೆಲಸಕ್ಕೆ ಹೈಡ್ರೋಜನ್ ಇದೆ, ಹೊರಬರುವುದು ನೀರಾವಿ. ಹೈಡ್ರೋಜನ್ ಅನ್ನು ನೀರಿನಿಂದ ಬೇರ್ಪಡಿಸಲು ಮಾತ್ರ ರಾಶಿಗಟ್ಟಲೆ ಅಗ್ಗದ ಕರೆಂಟ್ ಬೇಕು. ಹಗಲು ಉಳಿಯುವ ಸೋಲಾರ್ ವಿದ್ಯುತ್ತನ್ನು ಮೊದಲು ಇಲ್ಲಿಗೆ ಹರಿಸಬೇಕು ಎನ್ನುವುದು ನನ್ನ ವಾದ.

ಕಲಬುರಗಿಯ ಸಿಮೆಂಟ್ ಇನ್ನೂ ಜಟಿಲ. ವಾಡಿ, ಸೇಡಂ ಕಡೆಯ ಸುಣ್ಣದ ಕಲ್ಲನ್ನು ಕಾಯಿಸಿದಾಗ ಕಲ್ಲೇ ಇಂಗಾಲ ಬಿಡುತ್ತದೆ. ಗೂಡಿಗೆ ಯಾವ ಇಂಧನ ಹಾಕಿದರೂ ಅದು ತಪ್ಪದು. ಸದ್ಯದ ಉಪಾಯವೆಂದರೆ ಹೀಗೆ ಕಾಯಿಸಿ ಮಾಡುವ ಕ್ಲಿಂಕರ್ (ಸಿಮೆಂಟಿನ ಮೂಲ ವಸ್ತು) ಕಮ್ಮಿ ಮಾಡಿ, ಕಲ್ಲಿದ್ದಲು ಸುಟ್ಟಾಗ ಸಿಗುವ ಹಾರುಬೂದಿ, ಉಕ್ಕಿನ ಕಿಟ್ಟ ಬೆರೆಸುವುದು. ಆದರೆ ಕಲ್ಲಿದ್ದಲು ವಿದ್ಯುತ್ ಕೇಂದ್ರಗಳು ಮುಚ್ಚಿದರೆ ಹಾರುಬೂದಿ ಎಲ್ಲಿಂದ? ಸುಟ್ಟ ಜೇಡಿಮಣ್ಣು ಬೆರೆಸುವ ಸಿಮೆಂಟನ್ನು ಈಗಲೇ ರೂಢಿಗೆ ತರಬೇಕು. ಸರ್ಕಾರಿ ಕಾಮಗಾರಿಗಳ ಟೆಂಡರ್‌ನಲ್ಲೇ ಅದನ್ನು ಕೇಳಲು ಶುರುಮಾಡಬಹುದು.